ಬೋರ್ಡಿನ ಮೇಲೊಂದು ಸಾಲು: ಪ್ರಾಥಮಿಕ ಶಾಲೆಯ ಮಕ್ಕಳಿಂದ ದಿನವೂ ಬರೆಸುವುದು ಹೇಗೆ

ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಯಲ್ಲಿ ಬರೆಯುವುದು ಕಡಿಮೆಯೇನಲ್ಲ. ಕಾಪಿ ಬರೆಯುತ್ತಾರೆ, ಉಕ್ತಲೇಖನ ಬರೆಯುತ್ತಾರೆ, ಬೋರ್ಡ್ ನೋಡಿ ಪ್ರಶ್ನೋತ್ತರ ಇಳಿಸಿಕೊಳ್ಳುತ್ತಾರೆ. ಇದ್ಯಾವುದರಲ್ಲೂ ಮಗುವಿನ ಸ್ವಂತ ಮಾತು ಇರುವುದಿಲ್ಲ, ಅಷ್ಟೇ. ಐದನೇ ತರಗತಿಯ ಮಗುವಿಗೆ ‘ಹಸು’ ಎಂದು ವಿಷಯ ಕೊಟ್ಟು ನೋಡಿ. ‘ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ಹಾಲು ಕೊಡುತ್ತದೆ.’ ಹಿತ್ತಲಲ್ಲಿ ಹಸು ಕಟ್ಟಿರುವ ಮನೆಯ ಮಗುವೂ ಇದನ್ನೇ ಬರೆಯುತ್ತದೆ, ಹಸುವಿನ ಹತ್ತಿರ ಎಂದೂ ಹೋಗದ ಮಗುವೂ ಇದನ್ನೇ ಬರೆಯುತ್ತದೆ. ಅದೇ ಮಗುವನ್ನು ‘ನಿಮ್ಮ ಹಸು ಯಾರಿಗೆ ಹಾಯುತ್ತೆ, ಯಾರು ಹೋದರೆ ಸುಮ್ಮನಿರುತ್ತೆ?’ ಅಂತ ಕೇಳಿ. ಮಾತು ನಿಲ್ಲಿಸುವುದೇ ಕಷ್ಟವಾಗುತ್ತದೆ.

ದಿನವೂ ಬೋರ್ಡಿನ ಮೇಲೆ ಇಂಥ ಒಂದು ಸಾಲು ಬರೆದು, ಹತ್ತು ನಿಮಿಷ ಮಕ್ಕಳಿಂದ ಬರೆಸಿ, ಬರೆದದ್ದನ್ನು ಓದುವುದು. ವಿಧಾನ ಇಷ್ಟೇ. ಇದರಲ್ಲಿ ಕೆಲಸ ಮಾಡುವ ಸಂಗತಿಗಳು ಎರಡು: ಸಾಲು ಚಿಕ್ಕದಾಗಿ, ಮಗು ಕಣ್ಣಾರೆ ಕಂಡದ್ದರ ಬಗ್ಗೆ ಇರಬೇಕು. ಬರೆದದ್ದನ್ನು ಯಾರಾದರೂ ಓದಿ, ಅದರಲ್ಲಿರುವ ವಿಷಯಕ್ಕೆ ಉತ್ತರ ಕೊಡಬೇಕು. ಉಳಿದದ್ದೆಲ್ಲ ಈ ಎರಡಕ್ಕೆ ಬೇಕಾದ ಏರ್ಪಾಡು.

ಯಾವ ಸಾಲು ಬರೆಸುತ್ತದೆ, ಯಾವುದು ಬರೆಸುವುದಿಲ್ಲ

ವಿಷಯ ದೊಡ್ಡದಾದಷ್ಟೂ ಬರಹ ಚಿಕ್ಕದಾಗುತ್ತದೆ. ‘ಮಳೆಗಾಲ’ ಎಂದರೆ ಎಂಟು ವರ್ಷದ ಮಗುವಿಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯುವುದಿಲ್ಲ. ಆಗ ಅದು ಪಠ್ಯಪುಸ್ತಕದ ವಾಕ್ಯ ನೆನಪಿಸಿಕೊಳ್ಳುತ್ತದೆ. ‘ಜೋರು ಮಳೆ ಬಂದಾಗ ನಿಮ್ಮ ಓಣಿಯಲ್ಲಿ ನೀರು ಎಲ್ಲಿ ನಿಲ್ಲುತ್ತೆ? ಅಲ್ಲಿ ಯಾರು ಜಾರಿ ಬಿದ್ದಿದ್ದಾರೆ?’ ಎಂದರೆ ಶುರು ಮಾಡಲು ಒಂದು ಜಾಗ ಸಿಕ್ಕಿತು, ಒಬ್ಬ ಮನುಷ್ಯ ಸಿಕ್ಕ, ಒಂದು ಘಟನೆಯೂ ಸಿಕ್ಕಿತು. ‘ನನ್ನ ಶಾಲೆ’ ಬೇಡ. ‘ನಮ್ಮ ಶಾಲೆಯ ಗಂಟೆ ಯಾವುದರಿಂದ ಮಾಡಿದ್ದು, ಯಾರು ಹೊಡೆಯುತ್ತಾರೆ, ಹೊಡೆಯಲು ಯಾರಿಗೆಲ್ಲ ಆಸೆ?’ ಇರಲಿ. ‘ನನ್ನ ತಾಯಿ’ ಬೇಡ. ಆ ಶೀರ್ಷಿಕೆಗೆ ಬರುವ ಉತ್ತರ ನಲವತ್ತು ಮಕ್ಕಳದ್ದೂ ಒಂದೇ.

ಸಾಲು ಬರೆಯುವ ಮುನ್ನ ಮೂರು ಪರೀಕ್ಷೆ ಮಾಡಿಕೊಳ್ಳಿ. ‘ಹೌದು’, ‘ಇಲ್ಲ’, ‘ಇಷ್ಟ’ ಎಂಬಷ್ಟರಲ್ಲೇ ಉತ್ತರ ಮುಗಿಯುತ್ತದೆಯೇ? ಮುಗಿದರೆ ಆ ಸಾಲು ಬೇಡ. ‘ನಿನಗೆ ಜಾತ್ರೆ ಇಷ್ಟವೇ?’ ಎಂಬುದಕ್ಕೆ ಒಂದೇ ಪದ ಸಾಕು. ಎರಡನೆಯದು, ತರಗತಿಯ ಪ್ರತಿ ಮಗುವಿಗೂ ಇದರ ಬಗ್ಗೆ ಏನಾದರೂ ಗೊತ್ತಿದೆಯೇ? ಮೂರನೆಯದು, ಇಬ್ಬರು ಮಕ್ಕಳ ಉತ್ತರ ಬೇರೆಬೇರೆ ಆಗುತ್ತದೆಯೇ? ‘ನೀರನ್ನು ಏಕೆ ಉಳಿಸಬೇಕು’, ‘ಪರಿಸರ ಸಂರಕ್ಷಣೆ’, ‘ನಾನು ಪ್ರಧಾನಿಯಾದರೆ’ ಎಲ್ಲವೂ ಬೀಳುವುದು ಇಲ್ಲೇ. ಬರುವುದು ಘೋಷಣೆ, ಬರಹವಲ್ಲ. ‘ದೊಡ್ಡವಳಾದ ಮೇಲೆ ಏನಾಗುತ್ತೀಯ?’ ಕೂಡ ಹಾಗೆಯೇ. ಅರ್ಧ ತರಗತಿ ಡಾಕ್ಟರ್, ಇನ್ನರ್ಧ ಪೊಲೀಸ್.

ಕಲ್ಪನೆಯ ಸಾಲು ಬೇಡವೆಂದಲ್ಲ, ಅದೂ ನೆಲದ ಮೇಲೆ ಕಾಲೂರಿರಬೇಕು. ‘ಒಂದು ದಿನ ಶಾಲೆಯ ನಲ್ಲಿಯಲ್ಲಿ ನೀರಿನ ಬದಲು ಮಜ್ಜಿಗೆ ಬಂತು. ಮೊದಲು ನೋಡಿದ್ದು ಯಾರು? ಏನು ಮಾಡಿದರು?’ ನಲ್ಲಿ ಗೊತ್ತು, ಮಜ್ಜಿಗೆ ಗೊತ್ತು, ಗೆಳೆಯರು ಗೊತ್ತು. ಬದಲಾಗಿದ್ದು ಒಂದೇ ಸಂಗತಿ. ಮಗುವಿಗೆ ಅಷ್ಟು ಸಾಕು.

ಕೆಲವು ಸಾಲುಗಳು, ಹಾಗೇ ಎತ್ತಿಕೊಂಡು ಬಳಸಲು:

- ಇವತ್ತು ನಿಮ್ಮ ಮನೆಯಲ್ಲಿ ಮೊದಲು ಎದ್ದವರು ಯಾರು? ಎದ್ದು ಏನು ಮಾಡಿದರು?
- ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ನಿನಗೆ ಹೆದರಿಕೆ ಆಗುವ ಜಾಗ ಯಾವುದು?
- ಇಬ್ಬರು ಜಗಳ ಆಡಿದ್ದನ್ನು ನೋಡಿದ್ದೀಯಾ? ಅವರು ಆಡಿದ ಮಾತನ್ನು ಹಾಗೇ ಬರಿ.
- ನಿನಗೆ ಮಾಡಲು ಬರುವ ಒಂದು ಕೆಲಸವನ್ನು, ಅದು ಬರದವರಿಗೆ ಹೇಳಿಕೊಡು. (ಬುಗುರಿಗೆ ದಾರ ಸುತ್ತುವುದು, ಜಡೆ ಹೆಣೆಯುವುದು, ಕುರಿಮರಿ ಹಿಡಿಯುವುದು.)
- ಕಿಟಕಿಯಿಂದ ಹೊರಗೆ ಎರಡು ನಿಮಿಷ ನೋಡು. ಅಲ್ಲಾಡುತ್ತಿರುವುದನ್ನು ಮಾತ್ರ ಬರಿ.
- ನಮ್ಮ ತರಗತಿಯ ಒಂದು ವಸ್ತುವಿನ ಮೇಲೆ ಒಗಟು ಕಟ್ಟು. ಹೆಸರು ಹೇಳಬೇಡ.

ವಸ್ತು ತಂದು ತೋರಿಸಿದರೆ ಇನ್ನೂ ಸುಲಭ. ತುಕ್ಕು ಹಿಡಿದ ಬೀಗದಕೈ, ಎತ್ತಿನ ಕೊರಳ ಗೆಜ್ಜೆ, ಒಂಟಿ ಚಪ್ಪಲಿ, ಹಕ್ಕಿಯ ಗರಿ. ಕೈಯಿಂದ ಕೈಗೆ ದಾಟಿಸಿ, ‘ಇದು ಯಾರದ್ದು? ಹೇಗೆ ಕಳೆಯಿತು?’ ಎಂದು ಕೇಳಿ. ಹಬ್ಬದ ದಿನಗಳನ್ನೂ ಬಿಡಬೇಡಿ. ಆದರೆ ‘ನಾಗರ ಪಂಚಮಿ’ ಎಂಬ ಪ್ರಬಂಧ ಬೇಡ, ಜೋಕಾಲಿ ಕಟ್ಟಿದ್ದು ಯಾವ ಮರಕ್ಕೆ, ಅತಿ ಎತ್ತರಕ್ಕೆ ಜೀಕಿದ್ದು ಯಾರು ಎಂಬುದು ಬೇಕು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ‘ನಿನ್ನ ಎತ್ತಿನ ಕೋಡು ಮುರಿಯಿತೇ, ಹೇಗೆ ಅಂಟಿಸಿದೆ?’ ಎಂದರೆ ಸಾಕು, ಉತ್ತರ ಕರ್ನಾಟಕದ ಯಾವ ಊರಿನ ಮಗುವಾದರೂ ಪುಟ ತುಂಬಿಸುತ್ತದೆ.

ಭಾನುವಾರವೇ ಕುಳಿತು ಸೋಮವಾರದಿಂದ ಶುಕ್ರವಾರದವರೆಗಿನ ಐದೂ ಸಾಲು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಬೋರ್ಡಿನ ಮುಂದೆ ನಿಂತು ಯೋಚಿಸಿದರೆ ಕೈಗೆ ಬರುವುದು ‘ನನ್ನ ಮೆಚ್ಚಿನ ಹಣ್ಣು’ ಮಾತ್ರ.

ಇಪ್ಪತ್ತು ನಿಮಿಷದ ಲೆಕ್ಕ

ಪ್ರಾರ್ಥನೆ, ಹಾಜರಿ ಮುಗಿದ ತಕ್ಷಣದ ಹೊತ್ತು ಇದಕ್ಕೆ ಒಳ್ಳೆಯದು. ಬಿಸಿಯೂಟದ ನಂತರ ಮಕ್ಕಳಿಗೆ ತೂಕಡಿಕೆ. ಯಾವ ಹೊತ್ತಾದರೂ ಸರಿ, ದಿನವೂ ಅದೇ ಇರಲಿ. ವಾರಕ್ಕೆ ಎರಡು ದಿನ ನಡೆದು ಮೂರು ದಿನ ತಪ್ಪಿದರೆ ಪ್ರತಿ ಸಲವೂ ಹೊಸದಾಗಿ ಶುರು ಮಾಡಿದಂತೆ ಆಗುತ್ತದೆ, ಮಕ್ಕಳ ಕೈ ಪಳಗುವುದಿಲ್ಲ.

ಮೊದಲ ಮೂರು ನಿಮಿಷ ಮಾತು. ಸಾಲನ್ನು ನೀವು ಒಮ್ಮೆ ಓದಿ, ಪಕ್ಕದವರಿಗೆ ಹೇಳಲು ಬಿಡಿ. ತರಗತಿ ಸಂತೆಯಾಗುತ್ತದೆ, ಆಗಲಿ. ಬಾಯಲ್ಲಿ ಒಮ್ಮೆ ಬಂದ ವಾಕ್ಯ ಕೈಗೆ ಬೇಗ ಇಳಿಯುತ್ತದೆ. ಇಲ್ಲಿ ಶಿಕ್ಷಕರೇ ಐದು ನಿಮಿಷ ವಿವರಿಸಿ ಉದಾಹರಣೆ ಕೊಟ್ಟರೆ ಮಕ್ಕಳು ಆ ಉದಾಹರಣೆಯನ್ನೇ ಬರೆದುಕೊಡುತ್ತಾರೆ. ಮಕ್ಕಳ ಮಾತಿನಲ್ಲಿ ಬಂದ ಪದಗಳಲ್ಲಿ ಒತ್ತಕ್ಷರದ ಕಷ್ಟ ಇರುವ ನಾಲ್ಕೈದನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ: ಜಾತ್ರೆ, ತೊಟ್ಟಿಲು, ಮಂಡಕ್ಕಿ, ಕಳ್ಳ. ಹತ್ತು ಪದ ಬರೆದರೆ ಮಕ್ಕಳು ಆ ಹತ್ತನ್ನೂ ಪೋಣಿಸಲು ಕೂರುತ್ತಾರೆ, ಹೇಳಬೇಕಾದ್ದು ಮರೆತುಹೋಗುತ್ತದೆ.

ಆಮೇಲೆ ಹತ್ತು ನಿಮಿಷ ಬರಹ. ನಿಯಮ ಒಂದೇ: ಪೆನ್ಸಿಲ್ ನಿಲ್ಲಬಾರದು, ರಬ್ಬರ್ ಮುಟ್ಟಬಾರದು. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಬೇಕು. ಅಕ್ಷರ ಗೊತ್ತಿಲ್ಲದಿದ್ದರೆ ಆ ಜಾಗದಲ್ಲಿ ಚಿಕ್ಕ ಅಡ್ಡಗೆರೆ ಹಾಕಲಿ. ರಬ್ಬರ್ ಬಿಟ್ಟರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಅಳಿಸುವುದರಲ್ಲೇ ಕಳೆಯುತ್ತದೆ, ಹಾಳೆಯೂ ಹರಿಯುತ್ತದೆ. ಮೊದಲ ಮೂರು ನಿಮಿಷ ನೀವೂ ಕುಳಿತು ಅದೇ ಸಾಲಿಗೆ ಬರೆಯಿರಿ. ಓಡಾಡಿಕೊಂಡು ಹೆಗಲ ಮೇಲಿಂದ ಇಣುಕಿದರೆ ಮಕ್ಕಳು ಕೈಯಿಂದ ಪುಸ್ತಕ ಮುಚ್ಚುತ್ತಾರೆ. ಮೂರು ನಿಮಿಷದ ನಂತರ ಎದ್ದು, ನಿಂತುಹೋದವರ ಹತ್ತಿರ ಮಾತ್ರ ಹೋಗಿ.

ಕೊನೆಯ ಐದು ನಿಮಿಷ ಮೂರ್ನಾಲ್ಕು ಮಕ್ಕಳು ಓದಲಿ. ಕೈ ಎತ್ತಿದವರು ಮಾತ್ರ, ಒತ್ತಾಯ ಬೇಡ. ಕೇಳಿದವರು ‘ಚೆನ್ನಾಗಿದೆ’ ಅನ್ನುವಂತಿಲ್ಲ, ಒಂದು ಪ್ರಶ್ನೆ ಕೇಳಬೇಕು. ‘ಆಮೇಲೆ ನಾಯಿ ಎಲ್ಲಿ ಹೋಯ್ತು?’ ಇಂಥ ಪ್ರಶ್ನೆ ಕೇಳಿಸಿಕೊಂಡ ಮಗು ಮಾರನೇ ದಿನ ನಾಯಿ ಎಲ್ಲಿ ಹೋಯಿತೆಂದು ಕೇಳದೆಯೇ ಬರೆಯುತ್ತದೆ. ಉಳಿದ ಎರಡು ನಿಮಿಷ ಪುಸ್ತಕ ಒಟ್ಟುಮಾಡಲು.

ಪುಸ್ತಕ ಶಾಲೆಯಲ್ಲೇ ಇರಲಿ. ಮನೆಗೆ ಹೋದರೆ ಅರ್ಧ ಮರಳಿ ಬರುವುದಿಲ್ಲ, ಬಂದದ್ದರಲ್ಲಿ ಅಣ್ಣ, ಅಕ್ಕಂದಿರ ಕೈಬರಹ ಸೇರಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ದಿನಕ್ಕೆ ಅರ್ಧ ಪುಟದ ಲೆಕ್ಕದಲ್ಲಿ 100 ಪುಟ ಬೇಕು. ಕೈ ಪಳಗಿದ ಮೇಲೆ ಕೆಲವರು ಪೂರ್ತಿ ಪುಟ ಬರೆಯುತ್ತಾರೆ, ಹಾಗಾಗಿ 200 ಪುಟದ ಒಂದು ಪುಸ್ತಕ ತೆಗೆದುಕೊಂಡರೆ ವರ್ಷ ದಾಟುತ್ತದೆ. ಪ್ರತಿ ದಿನ ಎಡ ಮೂಲೆಯಲ್ಲಿ ದಿನಾಂಕ ಇರಲೇಬೇಕು. ದಿನಾಂಕವಿಲ್ಲದ ಪುಸ್ತಕದಿಂದ ಮಗು ಎಷ್ಟು ಮುಂದೆ ಬಂದಿದೆ ಎಂದು ಹೇಳಲು ಬರುವುದಿಲ್ಲ.

ಅಕ್ಷರವೇ ಪೂರ್ತಿ ಬಾರದ ಮಕ್ಕಳು

ಒಂದನೇ ತರಗತಿಗೆ ಇದೆಲ್ಲ ಆಗದು ಎಂಬ ಮಾತು ಸುಳ್ಳು. ಅಲ್ಲಿ ಬರಹ ಚಿತ್ರದಿಂದ ಶುರುವಾಗುತ್ತದೆ. ಮಗು ಚಿತ್ರ ಬರೆಯಲಿ, ಆ ಬಗ್ಗೆ ಹೇಳಲಿ, ಅದು ಹೇಳಿದ್ದನ್ನು ಹೇಳಿದ ಹಾಗೆಯೇ ನೀವು ಚಿತ್ರದ ಕೆಳಗೆ ಬರೆದು, ಬೆರಳಿಟ್ಟು ಓದಿ ತೋರಿಸಿ. ‘ಅಪ್ಪ ಗಾಡಿ ತೊಳೀತಿದ್ದ’ ಅಂದರೆ ಅದನ್ನೇ ಬರೆಯಿರಿ. ‘ತಂದೆಯವರು ವಾಹನವನ್ನು ತೊಳೆಯುತ್ತಿದ್ದರು’ ಎಂದು ತಿದ್ದಿದರೆ ಅದು ತನ್ನ ಮಾತೆಂದು ಮಗುವಿಗೆ ಗುರುತೇ ಸಿಗುವುದಿಲ್ಲ. ದಿನಕ್ಕೆ ಐದಾರು ಮಕ್ಕಳಿಗೆ ಹೀಗೆ ಮಾಡಬಹುದು, ಉಳಿದವರಿಗೆ ಮರುದಿನ.

ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಪದ್ಧತಿಯಾದ ನಲಿ ಕಲಿಯಲ್ಲಿ ಅಕ್ಷರ ಕಲಿಸುವ ಕ್ರಮ ‘ರ ಗ ಸ ದ ಅ’ ಎಂದು ಹೊರಡುತ್ತದೆ. ಈ ಐದೇ ಅಕ್ಷರಕ್ಕೆ ಸರ, ಅಗಸ, ಅರಸ, ಗರಗಸ ಸಿಗುತ್ತವೆ. ಚಿತ್ರದಲ್ಲಿ ಸರ ಹಾಕಿಕೊಂಡ ಅರಸ ಇದ್ದರೆ ಎರಡು ಬಾಣ ಎಳೆದು ಹೆಸರು ಬರೆಯುವಷ್ಟು ಬಂಡವಾಳ ಮಗುವಿನ ಹತ್ತಿರ ಆಗಲೇ ಇದೆ. ಗುಣಿತಾಕ್ಷರ ಮುಗಿಯಲಿ ಎಂದು ಕಾಯಬೇಡಿ.

ಎರಡನೇ ತರಗತಿಗೆ ಅರ್ಧ ವಾಕ್ಯ ಕೊಡಿ: ‘ನಿನ್ನೆ ನಾನು ____ ನೋಡಿದೆ. ಅದು ____.’ ದೀಪಾವಳಿ ಹೊತ್ತಿಗೆ ಎರಡನೇ ವಾಕ್ಯದ ಆಸರೆ ತೆಗೆಯಿರಿ. ಮೂರನೆಯವರು ಮೂರರಿಂದ ಐದು ವಾಕ್ಯ, ನಾಲ್ಕು, ಐದನೆಯವರು ಅರ್ಧ ಪುಟ. ಒಂದರಿಂದ ಮೂರು ಒಟ್ಟಿಗೆ ಕೂರುವ ಕಡೆ ಮೂವರಿಗೂ ಒಂದೇ ಸಾಲು ಕೊಟ್ಟರೆ ನಡೆಯುತ್ತದೆ. ಒಬ್ಬರು ಚಿತ್ರ, ಒಬ್ಬರು ಪದ, ಒಬ್ಬರು ವಾಕ್ಯ. ಮಾತಾಡುವುದು ಮಾತ್ರ ಎಲ್ಲರೂ ಸೇರಿ.

ಮನೆಯಲ್ಲಿ ತುಳು, ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳು ಮೊದಲ ಮೂರು ನಿಮಿಷ ಅದೇ ಭಾಷೆಯಲ್ಲಿ ಮಾತಾಡಲಿ. ಬರೆಯುವಾಗ ಕನ್ನಡದ ಪದ ಹೊಳೆಯದಿದ್ದರೆ ಮನೆಯ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿ. ಓದುವಾಗ ಅರ್ಥ ಕೇಳಿ, ಕನ್ನಡದ ಪದವನ್ನು ಅಂಚಿನಲ್ಲಿ ಬರೆದುಕೊಡಿ. ಧಾರವಾಡದ ಮಗು ‘ಹೋಗೇನಿ’ ಎಂದು ಬರೆದರೂ ಹಾಗೆಯೇ ಇರಲಿ. ಗ್ರಂಥದ ಕನ್ನಡ ಕಲಿಸಲು ಪಾಠದ ಅವಧಿ ಇದ್ದೇ ಇದೆ.

ತಪ್ಪು ತಿದ್ದುವುದು ಎಲ್ಲಿ, ಯಾವಾಗ

ಈ ಪದ್ಧತಿ ನಿಂತುಹೋಗುವುದು ಸಾಮಾನ್ಯವಾಗಿ ಇಲ್ಲಿಯೇ. ಮೂರನೇ ತರಗತಿಯ ಮಗು ‘ಮೊದಲು ಎದ್ದವರು ಯಾರು’ ಎಂಬ ಸಾಲಿಗೆ ಹೀಗೆ ಬರೆಯಿತೆನ್ನಿ:

‘ನಮ ಅಜಿ ಎದಳು. ಒಲಿ ಹಚಿದಳು. ಬೆಕು ಬೂದ್ಯಾಗ ಮಲಗಿತು. ಅಜಿ ಬೈದಳು.’

ಕೆಂಪು ಪೆನ್ನಿನವರಿಗೆ ಇಲ್ಲಿ ಕಾಣುವುದು ಏಳೆಂಟು ತಪ್ಪು. ನಮ್ಮ, ಅಜ್ಜಿ, ಎದ್ದಳು, ಹಚ್ಚಿದಳು, ಬೆಕ್ಕು, ಮಲಗಿತ್ತು. ಅಷ್ಟಕ್ಕೂ ಸುತ್ತು ಹಾಕಿದರೆ ಮಗು ನಾಳೆ ಒತ್ತಕ್ಷರ ಇಲ್ಲದ ಪದಗಳನ್ನಷ್ಟೇ ಹುಡುಕಿ ಎರಡು ವಾಕ್ಯ ಬರೆಯುತ್ತದೆ. ತಪ್ಪಂತೂ ಇರುವುದಿಲ್ಲ, ಬೆಕ್ಕೂ ಇರುವುದಿಲ್ಲ, ಅಜ್ಜಿಯೂ ಇರುವುದಿಲ್ಲ. ಬದಲಿಗೆ ಅದರ ಕೆಳಗೆ ಹೀಗೆ ಬರೆಯಿರಿ: ‘ಬೂದಿಯಲ್ಲಿ ಮಲಗಿದ ಬೆಕ್ಕಿಗೆ ನಿಮ್ಮ ಅಜ್ಜಿ ಏನಂತ ಬೈದಳು?’ ಬೆಕ್ಕು, ಅಜ್ಜಿ, ನಿಮ್ಮ ಮೂರೂ ಸರಿಯಾದ ರೂಪದಲ್ಲಿ ಮಗುವಿನ ಕಣ್ಣಿಗೆ ಬಿದ್ದವು. ಮಾರನೇ ದಿನ ‘ಏ ಏಳ, ಬಾಲ ಸುಡತೈತಿ’ ಎಂದು ಅಜ್ಜಿಯ ಮಾತು ಪುಸ್ತಕಕ್ಕೆ ಬರುತ್ತದೆ. ಮಾತನ್ನು ಬರಹದಲ್ಲಿ ಹಿಡಿಯುವುದನ್ನು ಮಗು ಕಲಿತದ್ದು ಹಾಗೆ.

ನಲವತ್ತು ಪುಸ್ತಕಕ್ಕೆ ದಿನವೂ ಹೀಗೆ ಬರೆಯುವುದು ಯಾರಿಂದಲೂ ಆಗದು. ದಿನಕ್ಕೆ ಎಂಟು ಪುಸ್ತಕ, ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ, ನಲವತ್ತೂ ಮುಗಿದವು. ಎಂಟಕ್ಕೆ ಹದಿನೈದು ನಿಮಿಷ ಸಾಕು. ಯಾರ ಪುಸ್ತಕ ಯಾವ ದಿನ ಎಂಬುದು ಮಕ್ಕಳಿಗೂ ಗೊತ್ತಿರಲಿ. ಉಳಿದ ದಿನ ಬರೀ ಸಹಿ ಹಾಕಬೇಡಿ. ಓದದೆ ಹಾಕಿದ ಸಹಿ ಯಾವುದೆಂದು ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ.

ತಪ್ಪುಗಳನ್ನು ಬಿಟ್ಟುಬಿಡಿ ಎಂದಲ್ಲ, ಅವಕ್ಕೆ ಬೇರೆ ಜಾಗ ಇದೆ. ಓದುವಾಗ ಮತ್ತೆ ಮತ್ತೆ ಕಾಣುವ ತಪ್ಪನ್ನು ನಿಮ್ಮ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಕನ್ನಡದಲ್ಲಿ ಅವು ಹೆಚ್ಚುಕಡಿಮೆ ಇವೇ: ಒತ್ತು ಬಿಟ್ಟುಹೋಗುವುದು, ದೀರ್ಘ ಬಿಟ್ಟುಹೋಗುವುದು, ಹಕ್ಕಿ ಅಕ್ಕಿಯಾಗುವುದು, ಹಳ್ಳಿ ಹಲ್ಲಿಯಾಗುವುದು, ಮಹಾಪ್ರಾಣ, ಅರ್ಕಾವೊತ್ತು. ವಾರಕ್ಕೆ ಒಂದನ್ನೇ ಎತ್ತಿಕೊಂಡು ಸೋಮವಾರದ ಕನ್ನಡ ಅವಧಿಯಲ್ಲಿ ಹತ್ತು ನಿಮಿಷ ಅದರ ಪಾಠ ಮಾಡಿ, ಯಾರ ಹೆಸರೂ ಎತ್ತದೆ. ‘ಹಕ್ಕಿ ಹಾರಿತು’, ‘ಅಕ್ಕಿ ಹಾರಿತು’ ಎರಡನ್ನೂ ಬೋರ್ಡಿನಲ್ಲಿ ಬರೆದರೆ ಪಾಠದ ಅರ್ಧ ಕೆಲಸ ನಗುವಿನಲ್ಲೇ ಮುಗಿಯುತ್ತದೆ.

ಹದಿನೈದು ದಿನಕ್ಕೊಮ್ಮೆ ಮಗು ತನ್ನ ಬರಹಗಳಲ್ಲಿ ಒಂದನ್ನು ಆರಿಸಿ ಬಿಡಿ ಹಾಳೆಯಲ್ಲಿ ಶುದ್ಧ ಪ್ರತಿ ಮಾಡಲಿ. ಅಲ್ಲಿ ಪ್ರತಿ ಅಕ್ಷರ ಸರಿ ಇರಬೇಕು. ನೀವು ಪಕ್ಕದಲ್ಲಿ ಕುಳಿತು ತಿದ್ದಿಸಿ, ಗೋಡೆ ಪತ್ರಿಕೆಗೆ ಹಾಕಿ. ಎಲ್ಲರೂ ಓದುತ್ತಾರೆ ಎಂದಾಗ ತಿದ್ದಿಸಿಕೊಳ್ಳಲು ಮಗುವೇ ಒಪ್ಪುತ್ತದೆ. ತಿದ್ದದ ಪುಸ್ತಕ ನೋಡಿ ಪೋಷಕರು ‘ಮೇಷ್ಟ್ರು ನೋಡೇ ಇಲ್ಲ’ ಅನ್ನುವುದು ಸಹಜ. ಜೂನ್ ತಿಂಗಳ ಪೋಷಕರ ಸಭೆಯಲ್ಲಿ ಎರಡೂ ತೋರಿಸಿ ವಿವರಿಸಿದರೆ ದೂರು ಬರುವುದಿಲ್ಲ.

ಕೇಳಬಾರದ್ದು

‘ಹುಟ್ಟುಹಬ್ಬಕ್ಕೆ ಏನು ಉಡುಗೊರೆ ಬಂತು’, ‘ರಜೆಯಲ್ಲಿ ಎಲ್ಲಿಗೆ ಪ್ರವಾಸ ಹೋಗಿದ್ದೆ’, ‘ಅಪ್ಪ ಊರಿಂದ ಏನು ತಂದರು’: ಇವು ಕೆಲವು ಮಕ್ಕಳನ್ನು ಸುಳ್ಳು ಹೇಳಿಸುತ್ತವೆ, ಕೆಲವರನ್ನು ಸುಮ್ಮನಾಗಿಸುತ್ತವೆ. ಗುಳೆ ಹೋಗಿ ಬಂದ ಮಕ್ಕಳು, ಅಪ್ಪ ಇಲ್ಲದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ‘ನಿಮ್ಮ ಮನೆಯಲ್ಲಿ ನಿನ್ನೆ ಏನು ಅಡುಗೆ’ ಎಂಬುದು ಮೇಲ್ನೋಟಕ್ಕೆ ಮುಗ್ಧ ಪ್ರಶ್ನೆ. ಉತ್ತರದಲ್ಲಿ ಜಾತಿಯೂ ಬಡತನವೂ ಎರಡೂ ಬಯಲಾಗುತ್ತವೆ. ಊಟದ ಬಗ್ಗೆಯೇ ಬರೆಸಬೇಕಿದ್ದರೆ ಎಲ್ಲರೂ ಉಂಡ ಬಿಸಿಯೂಟದ ಬಗ್ಗೆ ಬರೆಸಿ.

ಒಮ್ಮೊಮ್ಮೆ ಸಾದಾ ಸಾಲಿಗೂ ಹೊಡೆತದ ಬಗ್ಗೆ, ಭಯದ ಬಗ್ಗೆ, ಯಾರೋ ಮುಟ್ಟಿದ್ದರ ಬಗ್ಗೆ ಮಗು ಬರೆದುಬಿಡುತ್ತದೆ. ಅದನ್ನು ಗಟ್ಟಿಯಾಗಿ ಓದಿಸಬೇಡಿ, ಸ್ಟಾಫ್ ರೂಮಿನಲ್ಲಿ ತೋರಿಸಬೇಡಿ, ಮನೆಯವರನ್ನು ಕರೆದು ಕೇಳಲೂ ಬೇಡಿ. ಮಗುವಿನ ಜೊತೆ ಒಂಟಿಯಾಗಿ, ಒತ್ತಾಯಿಸದೆ ಮಾತಾಡಿ, ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪುಟ ಹರಿಯದೆ ಜೋಪಾನವಾಗಿರಲಿ. ಇದೇ ಕಾರಣಕ್ಕೆ ‘ಓದಬೇಡಿ’ ಎಂಬ ಗುರುತು ಮಕ್ಕಳ ಕೈಯಲ್ಲಿರಲಿ: ಪುಟದ ಮೇಲೆ ನಕ್ಷತ್ರ ಹಾಕಿದರೆ ಶಿಕ್ಷಕರು ಮಾತ್ರ ಓದಬಹುದು, ತರಗತಿಯಲ್ಲಿ ಓದುವಂತಿಲ್ಲ.

ಕೈಕೊಟ್ಟಾಗ

‘ಏನೂ ಹೊಳೀತಿಲ್ಲ ಟೀಚರ್’ ಎಂದು ಕೂತ ಮಗುವಿಗೆ ಹೊಸ ವಿಷಯ ಕೊಡಬೇಡಿ. ಸಾಲನ್ನು ಇನ್ನೂ ಸಣ್ಣದು ಮಾಡಿ. ‘ಜಾತ್ರೆಯಲ್ಲಿ ಏನು ನೋಡಿದೆ’ ದೊಡ್ಡದಾಯಿತೇ? ‘ನಿನ್ನ ಕೈ ಯಾರು ಹಿಡಿದಿದ್ದರು?’ ಎಂದು ಕೇಳಿ. ಬಾಯಲ್ಲಿ ಉತ್ತರ ಬಂದ ಕೂಡಲೇ ‘ಅದೇ, ಅದನ್ನೇ ಬರಿ’ ಎಂದು ಎದ್ದುಹೋಗಿ.

ಪಕ್ಕದವರದ್ದು ನೋಡಿ ಬರೆಯುವವರು ಸೋಮಾರಿಗಳಲ್ಲ, ತಪ್ಪಿಗೆ ಹೆದರುವವರು. ಬೈದರೆ ಹೆದರಿಕೆ ಹೆಚ್ಚುತ್ತದೆ. ‘ನಿನ್ನ ಮನೆ’, ‘ನಿನ್ನ ದಾರಿ’ ಎಂಬಂಥ, ನಕಲು ಮಾಡಲು ಬಾರದ ಸಾಲು ಒಂದು ವಾರ ಕೊಟ್ಟು ನೋಡಿ. ಎರಡೇ ನಿಮಿಷಕ್ಕೆ ಮುಗಿಸಿ ಪುಸ್ತಕ ಹಿಡಿದು ಬರುವವರಿಗಾಗಿ ಬೋರ್ಡಿನ ಕೆಳಗೆ ಕಾಯಂ ಎರಡು ಪ್ರಶ್ನೆ ಇರಲಿ: ‘ಅಲ್ಲಿ ಇನ್ಯಾರಿದ್ದರು? ಅವರು ಏನಂದರು?’ ‘ಮತ್ತೆ, ಮತ್ತೆ, ಮತ್ತೆ’ ಎಂದು ಪುಟ ಉದ್ದಕ್ಕೂ ಒಂದೇ ವಾಕ್ಯ ಓಡಿಸುವವರನ್ನು ತಡೆಯಬೇಡಿ. ಅದು ಹರಿವು ಬಂದ ಲಕ್ಷಣ. ಪೂರ್ಣವಿರಾಮ ಶುದ್ಧ ಪ್ರತಿಯ ಹೊತ್ತಿಗೆ ಕಲಿಯುತ್ತಾರೆ.

ಬರೆಯುವುದನ್ನು ಶಿಕ್ಷೆಯಾಗಿ ಎಂದೂ ಬಳಸಬೇಡಿ. ಗಲಾಟೆ ಮಾಡಿದ್ದಕ್ಕೆ ‘ಇವತ್ತಿನ ಸಾಲಿಗೆ ಎರಡು ಪುಟ’ ಎಂದು ಒಮ್ಮೆ ಅಂದರೆ ತಿಂಗಳ ಕೆಲಸ ಹಾಳಾಗುತ್ತದೆ. ಗೈರುಹಾಜರಾದವರಿಂದ ಬಿಟ್ಟ ದಿನಗಳನ್ನು ತುಂಬಿಸುವುದೂ ಶಿಕ್ಷೆಯೇ.

ಶನಿವಾರ ಬೆಳಗಿನ ತರಗತಿಯಲ್ಲಿ ಹೊಸ ಸಾಲು ಮಕ್ಕಳಿಂದ ಬರಲಿ. ಖಾಲಿ ಡಬ್ಬಿಯೊಂದಕ್ಕೆ ಚೀಟಿ ಹಾಕಲು ವಾರವಿಡೀ ಬಿಡಿ, ಶನಿವಾರ ಒಂದನ್ನು ಎತ್ತಿ. ‘ಹೆಡ್ಮಾಸ್ಟರ್ ಚಿಕ್ಕವರಿದ್ದಾಗ ಏಟು ತಿಂದಿದ್ದರೇ?’ ಎಂಬ ಚೀಟಿಯೂ ಬರುತ್ತದೆ. ಅವರನ್ನೇ ಕರೆಸಿ ಕೇಳಿಸಿ, ಆಮೇಲೆ ಬರೆಸಿ.

ಫಲ ನೋಡಲು ಪರೀಕ್ಷೆ ಬೇಡ. ಫೆಬ್ರವರಿಯಲ್ಲಿ ಯಾವುದಾದರೂ ಐದು ಪುಸ್ತಕ ತೆಗೆದು, ಜುಲೈ ತಿಂಗಳ ಒಂದು ಪುಟದ ಪಕ್ಕ ಈಗಿನ ಪುಟ ಇಡಿ. ಎಷ್ಟು ವಾಕ್ಯ ಹೆಚ್ಚಾಯಿತು, ಮನುಷ್ಯರ ಮಾತು ಬರಹದೊಳಗೆ ಬಂದಿದೆಯೇ, ಪಠ್ಯಪುಸ್ತಕದಲ್ಲಿಲ್ಲದ ಪದ ಎಷ್ಟಿವೆ, ಈ ಮೂರನ್ನು ಎಣಿಸಿ. ವಾಕ್ಯ ಹೆಚ್ಚಾಗಿದ್ದರೂ ಮಾತು, ಹೊಸ ಪದ ಬಂದಿಲ್ಲವೆಂದರೆ ಮಕ್ಕಳ ದೋಷವಲ್ಲ, ಸಾಲುಗಳು ಮತ್ತೆ ‘ಮಳೆಗಾಲ’, ‘ನನ್ನ ಶಾಲೆ’ಯ ಕಡೆ ಹೊರಳಿವೆ. ನಿಮ್ಮ ಡೈರಿಯಲ್ಲಿ ಹಿಂದಿನ ಎರಡು ತಿಂಗಳ ಸಾಲುಗಳನ್ನು ಓದಿ ನೋಡಿ, ಯಾವ ವಾರದಿಂದ ಹೊರಳಿದವು ಎಂಬುದು ಅಲ್ಲಿಯೇ ಸಿಗುತ್ತದೆ.